ರಕ್ತದ ಕಲೆ ಹೇಳುವ ಕಾಲ

ನ್ಯಾಯಾಲಯಕ್ಕೆ ರಕ್ತದ ಕಲೆಯುಳ್ಳ ಬಟ್ಟೆಯೊಂದು ಬಂದಾಗ ಏಳುವ ಪ್ರಶ್ನೆಗಳು ಎರಡು: ಈ ರಕ್ತ ಯಾರದು? ಯಾವಾಗ ಬಿದ್ದದ್ದು? ಮೊದಲನೆಯದಕ್ಕೆ ಡಿ.ಎನ್.ಎ. ಪರೀಕ್ಷೆ ಬಹುಮಟ್ಟಿಗೆ ಉತ್ತರ ಕೊಡಬಲ್ಲುದು. ಎರಡನೆಯದಕ್ಕೆ ವಿಜ್ಞಾನವು ಇನ್ನೂ ಖಚಿತವಾದ ಉತ್ತರ ಕೊಡಲಾರದು. ಮೃತನ ಮೂಗಿನಿಂದ ಹಿಂದಿನ ವಾರ ಸುರಿದ ರಕ್ತ ಗೆಳೆಯನ ಅಂಗಿಗೆ ತಾಗಿರಬಹುದು. ಅದನ್ನು ಕೊಲೆಯ ದಿನದ ರಕ್ತವೆಂದು ಬಗೆದರೆ ನಿರಪರಾಧಿಗೆ ಶಿಕ್ಷೆಯಾದೀತು.

ಹೊಸ ರಕ್ತ ಕೆಂಪು, ಹಳೆಯದು ಕಂದು. ಇದನ್ನು ಎಲ್ಲರೂ ಬಲ್ಲರು. ರಕ್ತಕ್ಕೆ ಬಣ್ಣ ಕೊಡುವ ಹಿಮೋಗ್ಲೋಬಿನ್ ದೇಹದ ಹೊರಗೆ ಗಾಳಿಗೆ ಸಿಕ್ಕಿ ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ. ಅದು ಮುಂದೆ ಹೆಮಿಕ್ರೋಮ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ಈ ಬಣ್ಣಗಳನ್ನು ಹೋಲಿಸಿ ನೋಡುವ ಪಟ್ಟಿಯೊಂದನ್ನು 1907ರಲ್ಲಿ ತೊಮೆಲ್ಲಿನಿ ಎಂಬವರು ಸಿದ್ಧಪಡಿಸಿದರು. 1960ರಲ್ಲಿ ಪ್ಯಾಟರ್ಸನ್ ಎಂಬವರು ಕಲೆಯಿಂದ ಪ್ರತಿಫಲಿಸುವ ಬೆಳಕನ್ನೇ ಅಳೆದು ನೋಡಿದರು. ಇಂದು ರಕ್ತದಲ್ಲಿನ ಆರ್.ಎನ್.ಎ. ಎಷ್ಟು ಶಿಥಿಲವಾಗಿದೆಯೆಂಬುದನ್ನೂ ಪರೀಕ್ಷಿಸುತ್ತಾರೆ.

ಆದರೆ ಈ ಗಡಿಯಾರ ಎಲ್ಲ ಊರುಗಳಲ್ಲಿಯೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಸೆಕೆ ಹೆಚ್ಚಿದಂತೆ ಅದು ಚುರುಕಾಗುತ್ತದೆ. ತೇವ, ಬೆಳಕು, ಕಲೆ ಬಿದ್ದ ಬಟ್ಟೆ ಅಥವಾ ಗೋಡೆ, ಇವೆಲ್ಲವೂ ಅದರ ಗತಿಯನ್ನು ಬದಲಿಸುತ್ತವೆ. ಕೊಚ್ಚಿಯ ಮಳೆಗಾಲದಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಆರದೆಂಬುದು ನಿಮಗೆ ತಿಳಿದೇ ಇದೆ. ಹೀಗಿರುವಾಗ ಚಳಿದೇಶದ ಕೊಠಡಿಯಲ್ಲಿ ಸಿದ್ಧವಾದ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ನ್ಯಾಯವೇ?

ಕೇರಳದ ವಿಧಿವಿಜ್ಞಾನ ಪ್ರಯೋಗಾಲಯವೂ ರಾಸಾಯನಿಕ ಪರೀಕ್ಷಕರ ಮುಖ್ಯ ಪ್ರಯೋಗಾಲಯವೂ ತಿರುವನಂತಪುರದಲ್ಲಿವೆ. ರಾಸಾಯನಿಕ ಪರೀಕ್ಷಕರ ಪ್ರಾದೇಶಿಕ ಪ್ರಯೋಗಾಲಯವೊಂದು ನಮ್ಮ ಎರ್ನಾಕುಳಂನಲ್ಲಿದೆ. ಈ ನಾಡಿನ ಮುಂಗಾರು, ಬೇಸಗೆ, ಕಡಲಗಾಳಿಗಳಲ್ಲಿ ಕಲೆಗಳನ್ನಿಟ್ಟು, ದಿನದಿನದ ಬದಲಾವಣೆಯನ್ನು ಬರೆದಿಟ್ಟ ಲೆಕ್ಕವೇ ಇಲ್ಲಿನ ನ್ಯಾಯಾಲಯಗಳಿಗೆ ಆಧಾರವಾಗಬೇಕು. ಆಗಲೂ ತಜ್ಞರು ಒಂದೇ ದಿನವನ್ನು ಹೆಸರಿಸದೆ, 'ಇಷ್ಟು ದಿನದಿಂದ ಇಷ್ಟು ದಿನದೊಳಗೆ' ಎಂದೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇದರಿಂದ ಅಪರಾಧಿಗಳು ಪಾರಾಗುವರೆಂದು ಕೆಲವರು ಆಕ್ಷೇಪಿಸಬಹುದು. ಆ ಭಯ ಬೇಡ. ಕಾಲ ಕಳೆದು ರಕ್ತ ಶಿಥಿಲವಾದುದರಿಂದ ಅದರ ಮೂಲವನ್ನು ಪರೀಕ್ಷಕರು ಗುರುತಿಸಲಾಗದಿದ್ದರೆ, ಅದು ಮನುಷ್ಯರಕ್ತವೇ ಅಲ್ಲವೆಂದು ತೀರ್ಮಾನಿಸಬಾರದೆಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂತಹ ಸಂದರ್ಭದಲ್ಲಿ ಉಳಿದ ಸಾಕ್ಷ್ಯಗಳನ್ನು ನ್ಯಾಯಾಧೀಶರು ತೂಗಿ ನೋಡುತ್ತಾರೆ. 'ತಿಳಿಯಲಿಲ್ಲ' ಎಂಬುದೂ 'ಇಲ್ಲ' ಎಂಬುದೂ ಬೇರೆ ಬೇರೆ ಮಾತುಗಳು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಪ್ರಯೋಗಾಲಯಗಳಲ್ಲಿ ಕುಳಿತುಕೊಳ್ಳುವಿರಿ, ಕೆಲವರು ನ್ಯಾಯಾಲಯಗಳಲ್ಲಿ ವಾದಿಸುವಿರಿ. ಶಾಲೆಯ ಪ್ರಯೋಗದಲ್ಲಿ ಅಳತೆ ತುಸು ಅತ್ತಿತ್ತ ಬಂದಾಗ, ಪುಸ್ತಕದ ಅಂಕೆಗೆ ಹೊಂದಿಸಿ ಬರೆಯದೆ, ಕಂಡುದನ್ನೇ ಬರೆಯುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಿರಿ. ಒಬ್ಬನ ಬಾಳು ನಿಮ್ಮ ಅಂಕೆಯನ್ನು ನೆಚ್ಚಿ ನಿಲ್ಲುವ ದಿನವೊಂದು ಬಂದೀತು.