ಹಳಿಗಿಂತ ಮೊದಲು ಅಹವಾಲು

ಬೆಂಗಳೂರಿನ ಉಪನಗರ ರೈಲಿನ ಸುದ್ದಿ ಮಲೆನಾಡಿನ ಹಳ್ಳಿಗಳಿಗೆ ದೂರದ ಊರಿನ ಮಾತೆಂದು ತೋರಬಹುದು. ಆದರೆ ಆ ನಗರ ಯಾವ ರೀತಿಯಲ್ಲಿ, ಯಾವ ದಿಕ್ಕಿನಲ್ಲಿ ಬೆಳೆಯುತ್ತದೆ ಎಂಬುದಕ್ಕೂ ಸಹ್ಯಾದ್ರಿಯ ಹೊಳೆಗಳ ಭವಿಷ್ಯಕ್ಕೂ ನೇರವಾದ ನಂಟಿದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಶರಾವತಿ ಕಣಿವೆಯ ಜನ ಬೀದಿಗಿಳಿದರು. ಎತ್ತಿನಹೊಳೆಯ ನೀರನ್ನು ಘಟ್ಟದಿಂದ ಮೇಲೆತ್ತಿ ಪೂರ್ವದ ಜಿಲ್ಲೆಗಳಿಗೆ ಹರಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಇತ್ತ ಘಟ್ಟದ ಮನೆಗಳ ಎಷ್ಟೋ ಮಕ್ಕಳು ಅದೇ ನಗರದ ಅಂಚಿನ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದು, ದಿನದ ಎರಡು-ಮೂರು ಗಂಟೆಗಳನ್ನು ರಸ್ತೆಯ ಮೇಲೆ ಕಳೆಯುತ್ತಿದ್ದಾರೆ. ಆದ್ದರಿಂದ ಬೆಂಗಳೂರಿನ ಸಂಚಾರ ಹೇಗಿರಬೇಕೆಂಬ ಪ್ರಶ್ನೆ ಬೆಂಗಳೂರಿಗರದು ಮಾತ್ರವಲ್ಲ.

ಉಪನಗರ ರೈಲು ಯೋಜನೆಗೆ ಕೇಂದ್ರ ಸಚಿವ ಸಂಪುಟ 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಒಟ್ಟು ಉದ್ದ ಸುಮಾರು 148 ಕಿ.ಮೀ.; ಅಂದಿನ ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ನಾಲ್ಕು ದಾರಿಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂಗಳ ಹೆಸರಿಡಲಾಗಿದೆ. ಬೆಂಗಳೂರು ನಗರ ನಿಲ್ದಾಣದಿಂದ ಯಲಹಂಕದ ಮೂಲಕ ದೇವನಹಳ್ಳಿಗೆ ಒಂದು, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಎರಡನೆಯದು, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಮೂರನೆಯದು, ಹೀಲಲಿಗೆಯಿಂದ ರಾಜಾನುಕುಂಟೆಗೆ ನಾಲ್ಕನೆಯದು. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಜೊತೆಗೂಡಿ ಸ್ಥಾಪಿಸಿದ ಕೆ-ರೈಡ್ ಸಂಸ್ಥೆ ಇದನ್ನು ನಿರ್ಮಿಸುತ್ತಿದೆ. 2022ರ ಜೂನ್‌ನಲ್ಲಿ ಶಿಲಾನ್ಯಾಸವಾಯಿತು.

ನಗರಕ್ಕೆ ರೈಲು ಬೇಕೆಂಬ ಮಾತು ಹೊಸದಲ್ಲ. 1990ರ ದಶಕದಲ್ಲಿ ಕಂಬಗಳ ಮೇಲೆ ಓಡುವ ಲಘು ರೈಲಿನ ಯೋಜನೆಯೊಂದು ಸಿದ್ಧವಾಗಿ, ಕಾರ್ಯರೂಪಕ್ಕೆ ಬರದೆ ಹೋಯಿತು. ಅದರ ಬದಲಿಗೆ ಬಂದ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಓಡಲಾರಂಭಿಸಿತು. ಮೆಟ್ರೊ ಉಪಯುಕ್ತವೇ ಸರಿ. ಆದರೆ ಅದಕ್ಕೆ ಬೇಕಾದ ಕಾಂಕ್ರೀಟು, ಉಕ್ಕು, ಸುರಂಗಗಳ ಪ್ರಮಾಣ ದೊಡ್ಡದು. ಲಘು ರೈಲು ಚಿಕ್ಕ ಗಾಡಿಗಳಲ್ಲಿ, ಸಾಧ್ಯವಾದಷ್ಟು ನೆಲಮಟ್ಟದಲ್ಲೇ ಓಡುತ್ತದೆ. ಉಪನಗರ ರೈಲಿನ ವಿಶೇಷ ಮತ್ತೊಂದು: ಅದು ಬಹುಪಾಲು ಈಗಾಗಲೇ ಇರುವ ರೈಲು ದಾರಿಗಳ ಪಕ್ಕದಲ್ಲೇ, ರೈಲ್ವೆಯ ವಶದಲ್ಲಿರುವ ಭೂಮಿಯನ್ನು ಬಳಸಿಕೊಂಡು ಸಾಗುತ್ತದೆ. ಹೊಸ ನೆಲವನ್ನು ಕಡಿಮೆ ಕಬಳಿಸುವ ಸಾರಿಗೆಯೇ ಪರಿಸರದ ದೃಷ್ಟಿಯಿಂದ ಹಗುರವಾದ ಸಾರಿಗೆ.

ಇದರ ಪಕ್ಕದಲ್ಲಿ ಮತ್ತೊಂದು ಯೋಜನೆಯನ್ನಿಟ್ಟು ನೋಡಬಹುದು. ಹೆಬ್ಬಾಳದಿಂದ ರೇಷ್ಮೆ ಮಂಡಳಿ ವೃತ್ತದವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 17,000 ಕೋಟಿ ರೂಪಾಯಿಗೂ ಮಿಗಿಲಾದ ಅಂದಾಜು ಸಿದ್ಧವಾಗಿದೆ. ಎರಡು ಅಂದಾಜುಗಳ ವರ್ಷಗಳು ಬೇರೆ ಎಂಬುದನ್ನು ಒಪ್ಪಿದರೂ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಒಂದು ಕಡೆ ಕಾರುಳ್ಳವರಿಗಾಗಿ 17 ಕಿ.ಮೀ.; ಇನ್ನೊಂದು ಕಡೆ ಕಾರಿಲ್ಲದವರೂ ಹತ್ತಬಹುದಾದ 148 ಕಿ.ಮೀ. ಆದ್ದರಿಂದ ಉಪನಗರ ರೈಲನ್ನು ಪರಿಸರಾಸಕ್ತರು ಬೆಂಬಲಿಸಬೇಕು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹುಬ್ಬಳ್ಳಿ–ಅಂಕೋಲಾ ರೈಲು ದಾರಿಯನ್ನು ವಿರೋಧಿಸುವ ಪರಿಸರ ಚಳವಳಿ ಬೆಂಗಳೂರಿನ ರೈಲನ್ನು ಹೇಗೆ ಬೆಂಬಲಿಸೀತು? ವಿರೋಧ ಇರುವುದು ರೈಲಿಗಲ್ಲ, ದಾರಿಗೆ. ಒಂದು ದಾರಿ ಉತ್ತರ ಕನ್ನಡದ ದಟ್ಟ ಕಾಡನ್ನು, ವನ್ಯಜೀವಿಗಳ ಓಡಾಟದ ನೆಲೆಯನ್ನು ಸೀಳಿಕೊಂಡು ಹೋಗಬೇಕು. ಇನ್ನೊಂದು ಈಗಾಗಲೇ ಹಳಿ ಬಿದ್ದ ನೆಲದ ಪಕ್ಕದಲ್ಲಿ ಹೋಗಬಲ್ಲದು. ನಕ್ಷೆಯ ಮೇಲೆ ಗೆರೆ ಎಳೆಯುವ ಹೊತ್ತಿನಲ್ಲೇ ಯೋಜನೆಯ ಒಳಿತು ಕೆಡುಕುಗಳು ಬಹುಮಟ್ಟಿಗೆ ನಿರ್ಧಾರವಾಗುತ್ತವೆ. ಆಮೇಲೆ ಉಳಿಯುವುದು ಪರಿಹಾರದ ಚೌಕಾಶಿ ಮಾತ್ರ.

ಹಾಗಾದರೆ ಆ ಗೆರೆಯನ್ನು ಯಾರು ಎಳೆಯುತ್ತಾರೆ? ಯಾರನ್ನು ಕೇಳಿ ಎಳೆಯುತ್ತಾರೆ? ಇಲ್ಲಿಯೇ ದೊಡ್ಡದೊಂದು ಕೊರತೆಯಿದೆ. ಅಣೆಕಟ್ಟು, ಗಣಿ, ವಿಮಾನ ನಿಲ್ದಾಣ, ಹೆದ್ದಾರಿಗಳು 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪಟ್ಟಿಯಲ್ಲಿವೆ. ರೈಲು ದಾರಿ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಆ ಅಧಿಸೂಚನೆಯ ಪ್ರಕಾರ ರೈಲು ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಅರಣ್ಯ ಭೂಮಿ ಬೇಕಾದರೆ 1980ರ ಕಾಯಿದೆ ಅಡ್ಡ ಬರುತ್ತದೆ. ನಗರದಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆದರೆ ಈ ನೋಟೀಸು ಬರುವ ವೇಳೆಗೆ ದಾರಿ ಗೊತ್ತಾಗಿರುತ್ತದೆ, ಗುತ್ತಿಗೆಯೂ ಆಗಿರುತ್ತದೆ. ಆಗ ಜನರ ಪಾಲಿಗೆ ಉಳಿಯುವುದು ಮರಗಳನ್ನು ಎಣಿಸುವ ಕೆಲಸ. 2009ರಲ್ಲಿ ಮೆಟ್ರೊಗಾಗಿ ಲಾಲ್‌ಬಾಗಿನ ಅಂಚಿನ ಮರಗಳಿಗೆ ಕೊಡಲಿ ಬಿದ್ದಾಗ ನಾಗರಿಕರು ಬೀದಿಗಿಳಿದದ್ದು ಇಂಥ ತಡವಾದ ಹೊತ್ತಿನಲ್ಲಿಯೇ.

ಮರಗಳ ಎಣಿಕೆಯಲ್ಲಿ ಸಿಗದ ನಷ್ಟಗಳೂ ಇವೆ. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಕಟ್ಟಿದಂಥವು. ಹಳಿಗಾಗಿ ಎತ್ತರಿಸಿದ ಮಣ್ಣಿನ ದಿಬ್ಬ ಒಂದು ರಾಜಕಾಲುವೆಗೆ ಅಡ್ಡ ಬಂದು, ಅದರಡಿಯ ಮೋರಿ ಇಕ್ಕಟ್ಟಾದರೆ ಮೇಲಿನ ಬಡಾವಣೆ ಮುಳುಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಇದನ್ನು ಅರಿಯಲು ಅಡಿಕೆ ತೋಟದವರಿಗೆ ಪಾಠ ಬೇಕಿಲ್ಲ. ಬಸಿಗಾಲುವೆ ಒಂದು ಕಡೆ ಕಟ್ಟಿಕೊಂಡರೆ ಇಡೀ ತೋಟದ ಬೇರು ಕೊಳೆಯುತ್ತದೆ. ನೀರು ಎಲ್ಲಿ ಹರಿಯುತ್ತದೆಂದು ಬೇಸಿಗೆಯ ಸರ್ವೆಯಲ್ಲಿ ಕಾಣುವುದಿಲ್ಲ. ಅಲ್ಲೇ ಬಾಳಿದವರು ಮಳೆಗಾಲದಲ್ಲಿ ಕಂಡಿರುತ್ತಾರೆ. ಅವರನ್ನು ಕೇಳುವುದು ಉಪಕಾರವಲ್ಲ, ಎಂಜಿನಿಯರಿಂಗಿನ ಅಗತ್ಯ.

ಇನ್ನು ಭೂಮಿಯ ಪ್ರಶ್ನೆ. ರೈಲು ತಾನು ತೆಗೆದುಕೊಳ್ಳುವ ನೆಲಕ್ಕಿಂತ ನಿಲ್ದಾಣದ ಸುತ್ತ ಬದಲಾಯಿಸುವ ನೆಲ ಹೆಚ್ಚು. ಸಂಪಿಗೆ ದಾರಿ ತಲುಪಬೇಕಾದ ದೇವನಹಳ್ಳಿ ಸೀಮೆ ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ಕೆಂಪು ಮಣ್ಣಿನ ನಾಡು. ಅಲ್ಲಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯಿದೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ 1,777 ಎಕರೆ ಸ್ವಾಧೀನಪಡಿಸಿಕೊಳ್ಳುವ ಯತ್ನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಆ ಹೋರಾಟ ರೈಲಿನ ವಿರುದ್ಧದ್ದಲ್ಲ. ಆದರೆ ನಿಲ್ದಾಣದ ಸುತ್ತಲಿನ ಹೊಲಗಳೆಲ್ಲ ನಿವೇಶನಗಳಾಗದಂತೆ ಮೊದಲೇ ಕಟ್ಟುಪಾಡು ಮಾಡದಿದ್ದರೆ, ಅಧಿಸೂಚನೆಯಿಂದ ಉಳಿದ ಭೂಮಿ ಬೆಲೆಯೇರಿಕೆಯಿಂದ ಕೈಬಿಟ್ಟು ಹೋಗುತ್ತದೆ. ಹಾಗೆ ಹರಡಿದ ನಗರಕ್ಕೆ ಮತ್ತೆ ನೀರು ಬೇಕಾಗುತ್ತದೆ. ಆಗ ಕಣ್ಣು ಪಶ್ಚಿಮದ ಹೊಳೆಗಳತ್ತ ಹೊರಳುತ್ತದೆ.

ಅಹವಾಲು ಕೇಳುತ್ತ ಕೂತರೆ ಯೋಜನೆ ತಡವಾಗುತ್ತದೆ ಎಂಬುದು ಅಧಿಕಾರಸ್ಥರ ಎಂದಿನ ವಾದ. ಉಪನಗರ ರೈಲನ್ನು 40 ತಿಂಗಳಲ್ಲಿ ಪೂರೈಸುವ ಮಾತು ಶಿಲಾನ್ಯಾಸದ ವೇದಿಕೆಯಿಂದ ಕೇಳಿಬಂದಿತ್ತು. ಆ ಅವಧಿ 2025ರ ಅಕ್ಟೋಬರ್‌ಗೆ ಮುಗಿದಾಗ ನಾಲ್ಕರಲ್ಲಿ ಒಂದು ದಾರಿಯಲ್ಲೂ ರೈಲು ಓಡಿರಲಿಲ್ಲ. ಭೂಮಿಯ ಹಸ್ತಾಂತರ, ಗುತ್ತಿಗೆಯ ತಕರಾರುಗಳಲ್ಲಿ ಕಾಲ ಸರಿದಿತ್ತು. ಜನರನ್ನು ಕೇಳಲೇಬೇಕೆಂಬ ಕಾನೂನಿಲ್ಲದ ಯೋಜನೆಯೂ ತಡವಾಯಿತೆಂದರೆ ತಡಕ್ಕೆ ಜನರನ್ನು ದೂಷಿಸುವುದು ನ್ಯಾಯವಲ್ಲ.

ಮುಂದೆ ಹಾಕುವ ಯಾವುದೇ ಉಪನಗರ ಅಥವಾ ಲಘು ರೈಲು ದಾರಿಗೆ ಸರ್ಕಾರ ಕೆಲವು ಕಟ್ಟಳೆಗಳನ್ನು ತಾನಾಗಿ ವಿಧಿಸಿಕೊಳ್ಳಬೇಕು. ದಾರಿಯ ನಕ್ಷೆ, ಅದಕ್ಕಿದ್ದ ಬದಲಿ ದಾರಿಗಳು, ಪ್ರತಿಯೊಂದರಲ್ಲೂ ಹೋಗುವ ಮರ, ಮನೆ, ಹೊಲಗಳ ವಿವರ ಕನ್ನಡದಲ್ಲಿ ಪ್ರಕಟವಾಗಬೇಕು. ದಾರಿ ಹಾಯುವ ವಾರ್ಡು ಮತ್ತು ಗ್ರಾಮಸಭೆಗಳಲ್ಲಿ ಗುತ್ತಿಗೆ ಕರೆಯುವ ಮೊದಲೇ ಅಹವಾಲು ನಡೆಯಬೇಕು. ಕೆರೆ-ಕಾಲುವೆಗಳನ್ನು ದಾಟುವ ಕಡೆಯಲ್ಲೆಲ್ಲ ಮಳೆಯ ಲೆಕ್ಕದಂತೆ ಮೋರಿಯ ಅಗಲ ನಿಗದಿಯಾಗಬೇಕು. ನಿಲ್ದಾಣಕ್ಕೆ ನಡೆದು ಬರುವ ದಾರಿ, ಕೂಡುವ ಬಸ್ಸು ಇಲ್ಲದಿದ್ದರೆ ಜನ ಮತ್ತೆ ಬೈಕು-ಕಾರುಗಳನ್ನೇ ನೆಚ್ಚುತ್ತಾರೆ. ಆದ್ದರಿಂದ ಅವೂ ಯೋಜನೆಯ ಭಾಗವೇ ಆಗಬೇಕು.

ಈ ಕೆಲಸದಲ್ಲಿ ಮಲೆನಾಡಿನಿಂದ ಬೆಂಗಳೂರಿಗೆ ಹೋಗಿ ಓದುತ್ತಿರುವ, ದುಡಿಯುತ್ತಿರುವ ಯುವಜನರ ಪಾತ್ರ ಹಿರಿದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಕ್ಷೆ ಕೇಳಿ ಪಡೆಯುವುದು, ಮರಗಳ ನೋಟೀಸಿಗೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು, ವಾರ್ಡು ಸಭೆಗೆ ಹೋಗಿ ಪ್ರಶ್ನೆ ಕೇಳುವುದು ಅವರಿಗೆ ಸಾಧ್ಯ. ಊರಿನಲ್ಲಿ ಉಳಿದವರು ತಮ್ಮ ಶಾಸಕರು, ಸಂಸದರ ಮುಂದೆ ಒಂದು ಬೇಡಿಕೆಯನ್ನು ಇಡಬೇಕು: ರೈಲು ದಾರಿಗಳನ್ನೂ ಪರಿಸರ ಪರಿಣಾಮ ಅಧ್ಯಯನದ ಪಟ್ಟಿಗೆ ಸೇರಿಸಿ, ಅಹವಾಲನ್ನು ಕಡ್ಡಾಯಗೊಳಿಸಬೇಕು. ಇದು ಜಾರಿಗೆ ಬಂದರೆ ಬೆಂಗಳೂರಿನ ಉಪನಗರ ದಾರಿಗೂ ಘಟ್ಟವನ್ನೇರಲು ಕಾದಿರುವ ದಾರಿಗಳಿಗೂ ಒಂದೇ ನಿಯಮ ಅನ್ವಯವಾಗುತ್ತದೆ.