ಎರಡು ಇಂಚು ನೀರಿನ ಲೆಕ್ಕ

ಚಿಂತಾಮಣಿಯ ಕಡೆ ಕೊಳವೆಬಾವಿಯನ್ನು ಕೊರೆಯಿಸಿದವರನ್ನು ಕಂಡರೆ ಕುಶಲಪ್ರಶ್ನೆ ಮುಗಿದೊಡನೆ ಕೇಳುವ ಮಾತು ಒಂದೇ: "ಎಷ್ಟು ಇಂಚು ಬಂತು?" ಒಂದು ಇಂಚೆಂದರೆ ಮುಖ ಬಾಡುವುದು, ಮೂರು ಇಂಚೆಂದರೆ ಆ ದಿನ ಮನೆಯಲ್ಲಿ ಪಾಯಸ. ನಂದಿಬೆಟ್ಟದ ಸುತ್ತಿನಲ್ಲಿ ಉತ್ತರಪಿನಾಕಿನಿಯೇ ಮೊದಲಾದ ನದಿಗಳು ಹುಟ್ಟುವುವಾದರೂ ಅವು ವರ್ಷವೆಲ್ಲ ಹರಿಯುವುವಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಗೆ ಕೆರೆಯೂ ಕೊಳವೆಬಾವಿಯೂ ಗತಿ. ಆದುದರಿಂದ ಸಾಲ, ಬೆಳೆ, ಮಗಳ ಮದುವೆ ಎಲ್ಲವೂ ಈ ಇಂಚಿನ ಮೇಲೆಯೇ ನಿಂತಿರುವುವು. ಆದರೆ ಇಂಚೆಂಬುದು ಉದ್ದದ ಮಾನವಷ್ಟೆ. ರವಿಕೆಯ ಬಟ್ಟೆಯನ್ನು ಅಳೆಯುವ ಮಾನದಿಂದ ನೀರನ್ನು ಅಳೆಯುವುದೆಂತು? ಈ ಪ್ರಶ್ನೆಯನ್ನು ನಾವೂ ಬಹುಕಾಲ ಕೇಳಿಕೊಂಡಿರಲಿಲ್ಲ.

ಹೋದ ವರ್ಷ ನಮ್ಮ ನೆಂಟರಲ್ಲಿ ಅಣ್ಣತಮ್ಮಂದಿರಿಬ್ಬರು ಬೇರೆಯಾದರು. ಪಂಚರಲ್ಲಿ ನಾವೂ ಒಬ್ಬರು. ಭೂಮಿಯನ್ನು ಗುಂಟೆಗೆ ಗುಂಟೆ ಸಮನಾಗಿ ಹಂಚಿದುದಾಯಿತು. ಉಳಿದುದು ಮೂರು ಬಾವಿಗಳು. ಮೂರು ಇಂಚಿನ ಬಾವಿ ಅಣ್ಣನಿಗೆ. ಎರಡು ಇಂಚಿನದೂ ಒಂದು ಇಂಚಿನದೂ ತಮ್ಮನಿಗೆ. ಎರಡೂ ಒಂದೂ ಕೂಡಿದರೆ ಮೂರು. ಇದಕ್ಕಿಂತ ನ್ಯಾಯ ಬೇರೆ ಉಂಟೆ? ಪಾಲುಪಾರಿಖತ್ತನ್ನು ಬರೆಯಿಸಿ, ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಮನೆಗೆ ಬಂದೆವು.

ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ಹಬ್ಬಕ್ಕೆ ಬಂದಿದ್ದನು. ಯಾರಿಗೆ ಎಷ್ಟು ಹಿಪ್ಪುನೇರಳೆ ತೋಟ ಸಾಕಾಗುವುದೆಂದು ಲೆಕ್ಕ ಮಾಡಿಕೊಡೆಂದು ಅವನಿಗೆ ಹೇಳಿದೆವು. ಒಂದು ಗಳಿಗೆಯಾದ ಮೇಲೆ ಅವನು ತಲೆ ಎತ್ತಿ, "ಮಾವ, ಯಂತ್ರ ಒಪ್ಪುವುದಿಲ್ಲ" ಎಂದನು.

"ಲೆಕ್ಕ ತಪ್ಪಿತೇನಪ್ಪ?"

"ಲೆಕ್ಕ ತಪ್ಪಲಿಲ್ಲ ಮಾವ. ಎಡಗಡೆ ನೀರಿದೆ, ಬಲಗಡೆ ಇಂಚಿದೆ. ಎರಡನ್ನೂ ಸಮವೆಂದು ಬರೆದರೆ ಹೇಗೆ?"

ಗಣಕಗಳಲ್ಲಿ ಅಂಕಿಗಳನ್ನು ಮಾತ್ರ ಕೂಡಿ ಕಳೆಯುವ ತಂತ್ರಾಂಶಗಳಲ್ಲದೆ, ನಾವು ಪಾಠಶಾಲೆಯಲ್ಲಿ ಮಾಡುತ್ತಿದ್ದಂತೆ ಅಕ್ಷರಗಳನ್ನೇ ಇಟ್ಟುಕೊಂಡು ಬೀಜಗಣಿತ ಮಾಡುವ ತಂತ್ರಾಂಶಗಳೂ ಇರುವುವು. ಅಳಿಯನು ಬಳಸಿದುದು ಸಿಂಪೈ ಎಂಬುದನ್ನು; ಇದು ಎಲ್ಲರಿಗೂ ಉಚಿತವಾಗಿ ದೊರೆಯತಕ್ಕದ್ದು. ಇಂಥವುಗಳಲ್ಲಿ ಅಕ್ಷರದೊಡನೆ ಅದರ ಏಕಮಾನವನ್ನೂ ಕಟ್ಟಿಡಬಹುದು. ಆಗ ಪ್ರತಿಯೊಂದು ಪರಿಮಾಣವೂ ತನ್ನ ಹಿಂದೆ ಒಂದು ಪುಟ್ಟ ಕಡತವನ್ನು ಹೊತ್ತು ನಡೆಯುವುದು: ಉದ್ದ ಎಷ್ಟು ಸಲ, ತೂಕ ಎಷ್ಟು ಸಲ, ಕಾಲ ಎಷ್ಟು ಸಲ. ಗುಣಿಸಿದರೆ ಕಡತಗಳು ಕೂಡುವುವು, ಭಾಗಿಸಿದರೆ ಕಳೆಯುವುವು. ಕೂಡಿಸುವಾಗಲೂ ಸಮವೆಂದು ಬರೆಯುವಾಗಲೂ ಎರಡು ಕಡೆಯ ಕಡತಗಳು ಒಂದೇ ಆಗಿರಬೇಕು. ಫ್ರಾನ್ಸಿನ ಫೂರಿಯೆ ಎಂಬ ಪಂಡಿತನು 1822ರಲ್ಲಿ, ಶಾಖವನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳಿದ ನಿಯಮವಿದು. ನಮ್ಮ ಅಜ್ಜಿಯರಿಗೂ ಇದು ತಿಳಿಯದುದಲ್ಲ. ರಾಗಿಯನ್ನು ಅಳೆಯುವ ಸೇರು ಬೇರೆ, ಬೆಲ್ಲವನ್ನು ತೂಗುವ ಸೇರು ಬೇರೆ. ಹೆಸರು ಒಂದೇ ಆದರೂ ಯಾವ ಅಜ್ಜಿಯೂ ಒಂದನ್ನು ಇನ್ನೊಂದಕ್ಕೆ ಕೂಡಿಸಿ ಮೋಸಹೋದಂತೆ ಕೇಳಿಲ್ಲ. 1956ರ ಶಾಸನದ ತರುವಾಯ ಅಂಗಡಿಯಿಂದ ಸೇರು ಹೋಯಿತು. ಪಾವು ಮಾತ್ರ ಅಕ್ಕಿಯ ಡಬ್ಬಿಯಲ್ಲಿ ಇಂದಿಗೂ ಕುಳಿತಿದೆ.

ಇನ್ನು ಬಾವಿಯ ಇಂಚಿಗೆ ಬರೋಣ. ಬಾವಿ ಕೊರೆದಾಗ ಹೊರಬರುವ ನೀರನ್ನು ಒಂದು ತಗಡಿನ ಕಡೆಗೆ ಹರಿಯಿಸುವರು. ಆ ತಗಡಿನ ಮೇಲಂಚಿನಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ, ಮೂಲೆಮಟ್ಟದ ಕೋನವಿರುವ ಒಂದು ಕಚ್ಚು ಇರುವುದು. ಕಚ್ಚಿನ ತಳದ ಮೊನೆಯಿಂದ ನೀರು ಎಷ್ಟು ಎತ್ತರಕ್ಕೆ ನಿಂತು ಹರಿಯುವುದೊ ಅದೇ "ಇಷ್ಟು ಇಂಚು". ಎತ್ತರ ಇಮ್ಮಡಿಯಾದರೆ ಅಗಲವೂ ಇಮ್ಮಡಿಯಾಗಿ, ನೀರು ಹರಿಯುವ ಕಂಡಿ ನಾಲ್ಮಡಿಯಾಗುವುದು. ಅದೂ ಸಾಲದೆಂಬಂತೆ ನೀರಿನ ವೇಗವೂ ಎತ್ತರದ ವರ್ಗಮೂಲದಷ್ಟು ಏರುವುದು. ಹೀಗೆ ಎರಡು ಇಂಚೆಂದರೆ ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಾಲಿಗೂ ಮೀರಿದುದು! ಮೂರು ಇಂಚೆಂದರೆ ಹದಿನೈದೂವರೆ ಪಾಲು.

ಬೀಜಗಣಿತ ಮರೆತಿದೆಯೆಂದು ವಾಚಕರು ಇಲ್ಲಿ ಪುಟವನ್ನು ತಿರುವಬಾರದು, ಸ್ವಾರಸ್ಯವಿರುವುದು ಇಲ್ಲಿಯೇ. ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ಎರಡೂವರೆಯ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರು ನೀರೆಂಬುದು ಬರುವುದೆಂದು ಕೈಪಿಡಿಗಳಲ್ಲಿದೆ. ಅಳಿಯನು ಬರೆದುದೂ ಇದನ್ನೇ. ಯಂತ್ರ ಕಡತವನ್ನು ನೋಡಿತು: ಎಡಗಡೆ ಉದ್ದ ಮೂರು ಸಲ, ಅದರ ಕೆಳಗೆ ಕಾಲ ಒಂದು ಸಲ, ಬಲಗಡೆ ಉದ್ದ ಎರಡೂವರೆ ಸಲ, ಕಾಲವೇ ಇಲ್ಲ. ಹಾಗಾದರೆ ಕೈಪಿಡಿ ಸುಳ್ಳೆ? ಸುಳ್ಳಲ್ಲ. 1.38 ಎಂಬುದು ಬರಿಯ ಅಂಕಿಯಂತೆ ವೇಷ ಹಾಕಿಕೊಂಡಿದೆ. ಅದರ ಹೊಟ್ಟೆಯಲ್ಲಿ ಭೂಮಿಯ ಸೆಳೆತದ ವರ್ಗಮೂಲವಿದೆ. ಎಡಬಲಗಳಿಗೆ ಕೊರತೆಯಾಗಿದ್ದ ಅರ್ಧ ಉದ್ದವೂ ಕಾಲವೂ ಅಲ್ಲಿ ಅಡಗಿರುವುವು. ಅದನ್ನು ಬಿಡಿಸಿ ಬರೆದೊಡನೆ ಯಂತ್ರ ಒಪ್ಪಿತು. ಬಿಡಿಸದೆ ಬರೆದವನು ಎತ್ತರವನ್ನು ಅಡಿಯಲ್ಲಿ ಇಟ್ಟು, ಉತ್ತರ ಘನ ಅಡಿಯಲ್ಲಿ ಬಂತೆಂದು ತಿಳಿದರೆ ಕೆಟ್ಟನು. ಅಡಿಯ ಲೆಕ್ಕದಲ್ಲಿ ಅದೇ ಅಂಕಿ ಸುಮಾರು 2.5 ಆಗಬೇಕು.

1999ರ ಸೆಪ್ಟೆಂಬರಿನಲ್ಲಿ ಅಮೆರಿಕದವರು ಮಂಗಳಗ್ರಹಕ್ಕೆ ಕಳುಹಿಸಿದ ನೌಕೆಯೊಂದು ಕೈತಪ್ಪಿದುದೂ ಇಂಥದರಿಂದಲೇ. ಒಂದು ಕಡೆಯವರು ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ನ್ಯೂಟನ್ನಿನ ಲೆಕ್ಕವೆಂದು ತೆಗೆದುಕೊಂಡರು. ಬರಿಯ ಅಂಕಿಗೆ ನಾಲಗೆಯಿಲ್ಲವಷ್ಟೆ.

ಆದರೆ ಯಂತ್ರವನ್ನು ಹೊಗಳುವ ಭರದಲ್ಲಿ ಅದರ ಊನವನ್ನು ಮರೆಮಾಡಲಾಗದು. ಎರಡು ಇಂಚಿಗೆ ಒಂದು ಇಂಚನ್ನು ಕೂಡಿಸೆಂದರೆ ಅದು ಚಕಾರವೆತ್ತದೆ ಮೂರು ಇಂಚೆನ್ನುವುದು. ಪಂಚರಾದ ನಾವು ಮಾಡಿದುದೂ ಅದನ್ನೇ. ಸಿಂಪೈಯಂತೂ ಮೀಟರಿಗೆ ಸೆಕೆಂಡನ್ನು ಕೂಡಿಸಿದರೂ ಸುಮ್ಮನೆ ಪಕ್ಕಪಕ್ಕದಲ್ಲಿ ಬರೆದಿಡುವುದು. ಪರೀಕ್ಷಿಸೆಂದು ಬೇರೆಯಾಗಿ ಆಜ್ಞೆ ಕೊಟ್ಟರೆ ಮಾತ್ರ ತಪ್ಪನ್ನು ಎತ್ತಿ ಹೇಳುವುದು. ಶಿಡ್ಲಘಟ್ಟದ ರೀಲರುಗಳು ರೆಂಡಿಟ್ಟಾ ಎನ್ನುವರಲ್ಲವೆ? ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕವದು. ಕಿಲೋವನ್ನು ಕಿಲೋದಿಂದ ಭಾಗಿಸಿದ ಮೇಲೆ ಕಡತ ಬರಿದಾಗುವುದು. ಅದನ್ನು ತಲೆಕೆಳಗಾಗಿ ಹಾಕಿ, ಏಳು ಕಿಲೋ ಗೂಡಿನಿಂದ ನಲವತ್ತೊಂಬತ್ತು ಕಿಲೋ ರೇಷ್ಮೆ ತೆಗೆದರೂ ಯಂತ್ರಕ್ಕೆ ಆಶ್ಚರ್ಯವಿಲ್ಲ. ಅಲ್ಲಿ ರೀಲರನ ಅನುಭವವೇ ಬೇಕು.

ಲೆಕ್ಕ ಹೀಗೆ ಬಂತು: ಒಂದು ಇಂಚಿನ ಬಾವಿ ಗಂಟೆಗೆ ಸುಮಾರು 510 ಲೀಟರು, ಎರಡು ಇಂಚಿನದು 2,890, ಮೂರು ಇಂಚಿನದು 7,960. ತಮ್ಮನ ಎರಡು ಬಾವಿಗಳೂ ಸೇರಿ 3,400. ಅಣ್ಣನ ಒಂದೇ ಬಾವಿ ಅದರ ಎರಡರಷ್ಟಕ್ಕೂ ಮೀರಿದುದು. ಬರೆದುಕೊಟ್ಟ ಪಾರಿಖತ್ತಿನ ನೆನಪಾಗಿ ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಹೋಗಿ ಹೇಳಿದೆವು. ಅಣ್ಣನು ನಂಬಲಿಲ್ಲ. "ಯಂತ್ರದ ಮಾತು ಕಟ್ಟಿಕೊಂಡು ಆಗಿಹೋದ ನ್ಯಾಯವನ್ನು ಕೆಡಿಸುತ್ತೀರಾ?" ಎಂದನು. ಅವನ ಹೆಂಡತಿ ಒಳಗಿನಿಂದ ಬಂದು, "ಇನ್ನೂರು ಲೀಟರಿನ ಡ್ರಮ್ಮಿದೆ, ತುಂಬಿ ನೋಡಿದರಾಯಿತಲ್ಲ" ಎಂದರು. ಈ ಮಾತು ನಮಗೂ ಅಳಿಯನಿಗೂ ಏಕೆ ಹೊಳೆಯಲಿಲ್ಲವೊ! ಮೂರು ಇಂಚಿನ ಬಾವಿಯಲ್ಲಿ ಡ್ರಮ್ಮು ಒಂದೂವರೆ ನಿಮಿಷದಲ್ಲಿ ತುಂಬಿತು. ಎರಡು ಇಂಚಿನದರಲ್ಲಿ ನಾಲ್ಕು ನಿಮಿಷ ದಾಟಿತು. ಒಂದು ಇಂಚಿನ ಬಾವಿಯ ಬಳಿ ನಿಂತು ನಿಂತು ಕಾಲು ಸೋತು, ಅಣ್ಣನೇ ಒಂದು ಕಲ್ಲಿನ ಮೇಲೆ ಕುಳಿತನು. ಇಪ್ಪತ್ತು ನಿಮಿಷವಾದರೂ ಡ್ರಮ್ಮು ತುಂಬಿರಲಿಲ್ಲ. ತಮ್ಮನು ಒಂದು ಮಾತೂ ಆಡಲಿಲ್ಲ.

ಮೋಟಾರು ಏಳು ಗಂಟೆ ನಡೆದರೆ, ದೊಡ್ಡ ಬಾವಿಯ ಎರಡು ಗಂಟೆಯ ನೀರು ತಮ್ಮನಿಗೆ. ಹಾಗೆ ಮಾಡಿದರೆ ಇಬ್ಬರಿಗೂ ಸಮನಾಗುವುದು. ಹೊಸ ಪತ್ರದಲ್ಲಿ ಇಂಚೆಂಬುದನ್ನು ಹೊಡೆದು, ಗಂಟೆಗೆ ಇಷ್ಟು ಲೀಟರೆಂದು ಬರೆಯಿಸಿದೆವು. ಬೇಸಗೆಯಲ್ಲಿ ನೀರಿನ ಮಟ್ಟ ಇಳಿಯುವುದರಿಂದ ವರ್ಷ ವರ್ಷವೂ ಯುಗಾದಿಯಾದ ಮೇಲೆ ಮೂರು ಬಾವಿಗಳನ್ನೂ ಪುನಃ ಅಳೆಯತಕ್ಕದ್ದೆಂದೂ ಸೇರಿಸಿದೆವು. ಡ್ರಮ್ಮು ಯಾರ ಪಾಲಿಗೂ ಹೋಗದೆ ಇಬ್ಬರ ಹೊಲಗಳ ನಡುವಿನ ಬದುವಿನ ಮೇಲಿದೆ.