ತಕ್ಕಡಿಯನ್ನು ತೂಗುವವರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಯಲಹಂಕ ಉಪನಗರದ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ನನ್ನಿಂದ ಗಣಿತ, ವಿಜ್ಞಾನಗಳನ್ನು ಕಲಿತವನು. ಈಗ ಹೆಬ್ಬಾಳದ ಬಳಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ಕಾಫಿ ಕುಡಿಯುತ್ತ ತನ್ನ ಕೆಲಸದ ವಿಷಯ ಹೇಳಿದ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನೀಡುವ ಯಂತ್ರಗಳನ್ನು ದಿನದಿನವೂ ಪರೀಕ್ಷಿಸಬೇಕಷ್ಟೆ. ಆ ಪರೀಕ್ಷೆಯನ್ನು ತಾನೇ ತಾನಾಗಿ ಮಾಡಿ ಮುಗಿಸುವ ತಂತ್ರಾಂಶವನ್ನು ಅವನ ತಂಡ ಸಿದ್ಧಪಡಿಸುತ್ತಿದೆಯಂತೆ. “ಇನ್ಮೇಲೆ ಬೆಳಗಿನ ಜಾವ ಯಾರೂ ಬಂದು ಅಳೀಬೇಕಾಗಿಲ್ಲ ಸಾರ್, ಗುಂಡಿ ಒತ್ತಿದ್ರೆ ವರದಿ ಬರುತ್ತೆ” ಎಂದ. ಸಂತೋಷದಿಂದ ಬೆನ್ನು ತಟ್ಟಿ ಕಳುಹಿಸಿದೆ. ಆದರೆ ಅವನು ಹೋದ ಮೇಲೆ ಹಳೆಯ ಪ್ರಸಂಗವೊಂದು ಮನಸ್ಸನ್ನು ಕಾಡತೊಡಗಿತು. ಅದನ್ನು ಓದುಗ ಮಿತ್ರರ ಮುಂದಿಟ್ಟು, ನನ್ನ ಅಭಿಪ್ರಾಯವನ್ನೂ ನಿವೇದಿಸಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದಲ್ಲಿರುವ ನನ್ನ ಅಕ್ಕನಿಗೆ ಗರ್ಭಕೊರಳಿನ ಕ್ಯಾನ್ಸರ್ ಎಂದು ತಿಳಿಯಿತು. ವಾರಕ್ಕೆ ಐದು ದಿನದಂತೆ ಒಟ್ಟು ಇಪ್ಪತ್ತೈದು ದಿನ ‘ಕರೆಂಟು’ ಕೊಡಬೇಕೆಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟುಕೊಂಡಿರುವ ಹೆಸರು ಅದೇ. ಅಕ್ಕ ನಮ್ಮ ಮನೆಯಲ್ಲಿಯೇ ಉಳಿದಳು. ದಿನವೂ ಬೆಳಗ್ಗೆ ಬಳ್ಳಾರಿ ರಸ್ತೆಯ ವಾಹನಗಳ ನಡುವೆ ಹೆಬ್ಬಾಳದ ಮೇಲ್ಸೇತುವೆ ದಾಟಿ ಆಸ್ಪತ್ರೆಗೆ ಹೋಗುವುದು ನಮ್ಮ ನಿತ್ಯಕರ್ಮವಾಯಿತು. ಈ ಚಿಕಿತ್ಸೆಗೆ ಮುನ್ನ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡಿರಬೇಕು. ಹಾಗಿದ್ದರೆ ಕರುಳು ಕಿರಣದ ಹಾದಿಯಿಂದ ಆದಷ್ಟು ದೂರ ಸರಿಯುತ್ತದೆ. ಒಂದು ದಿನ ಅಕ್ಕ ಹೇಳಿದಷ್ಟು ನೀರು ಕುಡಿದು ಕುಳಿತಿದ್ದಾಗ, “ಯಂತ್ರದ ಪರೀಕ್ಷೆ ಮುಗಿದಿಲ್ಲ, ಕಾಯಿರಿ” ಎಂದರು. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಕಳೆಯಿತು. ಎಪ್ಪತ್ತರ ಸಮೀಪದ ಹೆಂಗಸು ಪಡುತ್ತಿದ್ದ ಸಂಕಟವನ್ನು ನೋಡಲಾರದೆ ನಾನು ಒಳಗಿನಿಂದ ಬಂದ ಎಳೆಯ ವಯಸ್ಸಿನ ಭೌತವಿಜ್ಞಾನಿಯೊಬ್ಬರ ಮೇಲೆ ಎಲ್ಲರೆದುರಿಗೂ ರೇಗಿಬಿಟ್ಟೆ. ಆಕೆ “ಕ್ಷಮಿಸಿ ಸರ್” ಎಂದಷ್ಟೇ ಹೇಳಿ ಒಳಗೆ ಹೋದರು.

ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು. “ಸುಮ್ನೆ ಕೂತ್ಕೊಳೋ. ತಕ್ಕಡಿ ಸರಿಯಿದೆಯಾ ಅಂತ ನೋಡ್ದೆ ತೂಗಿದ್ರೆ, ಅಂಗಡಿಯವನ ಮೇಲೂ ಹಿಂಗೇ ಹಾರಾಡ್ತೀಯ ತಾನೆ?” ಎಂದಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ “ಲೆಕ್ಕ ಮಾಡಿದ ಮೇಲೆ ತಾಳೆ ನೋಡಿ” ಎಂದು ಮಕ್ಕಳಿಗೆ ಬೋಧಿಸಿದ ನನಗೆ, ಶಾಲೆಯ ಮೆಟ್ಟಿಲನ್ನೇ ಹೆಚ್ಚು ಹತ್ತದ ಅಕ್ಕ ಪಾಠ ಹೇಳಿದ್ದಳು.

ಮರುದಿನ ನಾನಾಗಿಯೇ ಹೋಗಿ ಆ ಹೆಣ್ಣುಮಗಳ ಕ್ಷಮೆ ಕೇಳಿದೆ. ಆಕೆ ಬೇಸರವಿಲ್ಲದೆ ಎಲ್ಲವನ್ನೂ ವಿವರಿಸಿದರು. ಪ್ರತಿದಿನ ಮೊದಲ ರೋಗಿಗೂ ಮುನ್ನ ಯಂತ್ರದಿಂದ ಹೊರಡುವ ವಿಕಿರಣದ ಪ್ರಮಾಣವನ್ನು ಅಳೆಯುತ್ತಾರೆ. ಅದು ನಿಗದಿತ ಪ್ರಮಾಣಕ್ಕಿಂತ ಶೇಕಡಾ 3ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ತಿಂಗಳ ಪರೀಕ್ಷೆಯಲ್ಲಿ ಈ ಮಿತಿ ಶೇಕಡಾ 2. ಗೋಡೆಯ ಲೇಸರ್ ಗೆರೆಗಳು ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಸರಿದಿರಬಾರದು. ಕಿರಣಕ್ಕೆ ಆಕಾರ ಕೊಡುವ ತೆಳ್ಳನೆಯ ಲೋಹದ ಎಲೆಗಳು, ಅನೇಕ ಯಂತ್ರಗಳಲ್ಲಿ 120, ಹೇಳಿದಲ್ಲಿಗೆ ಬಂದು ನಿಲ್ಲಬೇಕು. ಹಿಂದಿನ ದಿನ ಅಳತೆ ಮಿತಿಯನ್ನು ಮೀರಿತ್ತು. ಬೇರೊಂದು ಉಪಕರಣದಿಂದ ಮತ್ತೆ ಅಳೆದು, ತಪ್ಪು ಯಂತ್ರದ್ದೇ ಎಂದು ಖಚಿತವಾದ ಮೇಲೆ ಇಂಜಿನಿಯರನ್ನು ಕರೆಸಿ ಸರಿಪಡಿಸಿದ್ದರು. ನಾನು ಕೂಗಾಡಿದ್ದು ಅಕ್ಕನನ್ನು ಕಾಪಾಡುತ್ತಿದ್ದವರ ಮೇಲೆ.

ಇನ್ನು ಯಾಂತ್ರೀಕರಣದ ಪ್ರಶ್ನೆ. ಅದನ್ನು ನಾನು ವಿರೋಧಿಸುವವನಲ್ಲ. ಮನುಷ್ಯನ ಲೆಕ್ಕ ಎಷ್ಟು ಸುಲಭವಾಗಿ ತಪ್ಪುತ್ತದೆ ಎಂಬುದು ಮೇಷ್ಟರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1996ರಲ್ಲಿ ಕೋಸ್ಟರಿಕಾ ದೇಶದ ರಾಜಧಾನಿಯ ಆಸ್ಪತ್ರೆಯೊಂದರಲ್ಲಿ ಹೊಸ ಕೋಬಾಲ್ಟ್ ಆಕರವನ್ನು ಅಳವಡಿಸುವಾಗ 0.3 ನಿಮಿಷವೆಂಬುದನ್ನು 30 ಸೆಕೆಂಡು ಎಂದು ಭಾವಿಸಿ ಲೆಕ್ಕ ಹಾಕಿದರು. 0.3 ನಿಮಿಷವೆಂದರೆ 18 ಸೆಕೆಂಡು. ನನ್ನ ತರಗತಿಯ ಹುಡುಗರು ಎಷ್ಟೋ ಸಲ ಮಾಡಿದ ತಪ್ಪು ಇದು. ಅವರಿಗೆ ಒಂದು ಅಂಕ ಹೋಗುತ್ತಿತ್ತು. ಅಲ್ಲಿ 115 ರೋಗಿಗಳಿಗೆ ಒಂದೂವರೆ ಪಟ್ಟಿಗೂ ಹೆಚ್ಚಿನ ವಿಕಿರಣ ತಗುಲಿತು. ಹಲವರು ಪ್ರಾಣ ತೆತ್ತರು. ಇಂಥ ಲೆಕ್ಕವನ್ನು ಗಣಕಯಂತ್ರ ಮಾಡುವುದೇ ಮೇಲು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ; ಎಂದರೆ ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಅದರ ಬಲ ಕುಂದುತ್ತದೆ, ಚಿಕಿತ್ಸೆಯ ಅವಧಿಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುತ್ತ ಹೋಗಬೇಕು. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ, ನಮ್ಮ ಬೆಂಗಳೂರಿನದೇ ಕಂಪನಿ ತಯಾರಿಸುವ ಭಾಭಾಟ್ರಾನ್ ಯಂತ್ರವೂ ಈ ನಿಯಮಕ್ಕೆ ಹೊರತಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಥೆರಾಕ್-25 ಎಂಬ ಯಂತ್ರ ಆರು ಮಂದಿಗೆ ವಿಪರೀತ ವಿಕಿರಣವನ್ನು ಹರಿಸಿತು. ಹಿಂದಿನ ಮಾದರಿಗಳಲ್ಲಿದ್ದ ಬಿಡಿ ಸುರಕ್ಷಾ ತಡೆಗಳನ್ನು ತೆಗೆದು, ಎಲ್ಲವನ್ನೂ ತಂತ್ರಾಂಶಕ್ಕೆ ಒಪ್ಪಿಸಿದ್ದರು. 2004-05ರಲ್ಲಿ ಫ್ರಾನ್ಸಿನ ಎಪಿನಾಲ್ ಪಟ್ಟಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ರೋಗಿಗಳಿಗೆ ಅತಿಯಾದ ಪ್ರಮಾಣ ಬಿತ್ತು. ಹೊಸ ವಿಧಾನಕ್ಕೆ ಹೊಂದಲಿಲ್ಲವೆಂದು ಹಳೆಯ ಸ್ವತಂತ್ರ ತಾಳೆಯನ್ನು ಕೈಬಿಟ್ಟಿದ್ದರು. ಸಾಲದುದಕ್ಕೆ ಗಣಕದ ಪರದೆಯ ಸೂಚನೆಗಳು ಸಿಬ್ಬಂದಿಯ ಫ್ರೆಂಚ್ ಭಾಷೆಯಲ್ಲಿರದೆ ಇಂಗ್ಲಿಷಿನಲ್ಲಿದ್ದವು.

ನಮ್ಮೂರಿನದೇ ಒಂದು ನಿದರ್ಶನ ಕೊಡುತ್ತೇನೆ. ವಿಕಿರಣವನ್ನು ಅಳೆಯುವ ಉಪಕರಣದಲ್ಲಿ ಪುಟ್ಟದೊಂದು ಗಾಳಿಯ ಗೂಡಿರುತ್ತದೆ. ಗಾಳಿ ತೆಳುವಾದಷ್ಟೂ ಅಳತೆ ಕಡಿಮೆ ತೋರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಮಂಗಳೂರಿಗಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಆದ್ದರಿಂದ ಆ ಕೋಣೆಯಲ್ಲಿಯೇ ವಾಯುಭಾರ ಮಾಪಕವಿಟ್ಟು ಲೆಕ್ಕವನ್ನು ತಿದ್ದುತ್ತಾರೆ. ಈಗ ತಂತ್ರಾಂಶವು ಆ ಸಂಖ್ಯೆಯನ್ನು ಅಂತರಜಾಲದ ಹವಾಮಾನ ವರದಿಯಿಂದ ಎತ್ತಿಕೊಂಡಿತೆನ್ನೋಣ. ಆ ವರದಿಗಳಲ್ಲಿ ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಒತ್ತಡ. ಆಗ ಯಂತ್ರ ಸರಿಯಿದ್ದರೂ ಶೇಕಡಾ 10ರಷ್ಟು ಕಡಿಮೆ ಕೊಡುತ್ತಿದೆಯೆಂದು ಕಾಣುತ್ತದೆ. ಅದನ್ನು ‘ಸರಿಪಡಿಸಿದರೆ’ ಮಾರನೆಯ ದಿನದಿಂದ ಪ್ರತಿಯೊಬ್ಬ ರೋಗಿಗೂ ಅಷ್ಟು ಹೆಚ್ಚು ಬೀಳುತ್ತದೆ. ಮನುಷ್ಯನ ತಪ್ಪು ಒಂದು ದಿನದ್ದಾಗಿರಬಹುದು. ತಂತ್ರಾಂಶದ ತಪ್ಪು ಆಯಾಸವಿಲ್ಲದೆ ದಿನವೂ ಪುನರಾವರ್ತನೆಯಾಗುತ್ತದೆ.

ಆದಕಾರಣ ನನ್ನ ಅಭಿಪ್ರಾಯವಿಷ್ಟು. ಮೊದಲನೆಯದಾಗಿ, ಯಂತ್ರವು ತನ್ನದೇ ದಾಖಲೆಗಳಿಂದ ತನ್ನನ್ನು ತಾನೇ ಪರೀಕ್ಷಿಸಿಕೊಂಡರೆ ಸಾಲದು. ಹುಡುಗನ ಕೈಗೇ ಉತ್ತರಪತ್ರಿಕೆಯನ್ನೂ ಕೆಂಪು ಪೆನ್ನನ್ನೂ ಕೊಟ್ಟಂತಾಗುತ್ತದೆ. ಭಾಭಾ ಕೇಂದ್ರವು ಆಸ್ಪತ್ರೆಗಳಿಗೆ ಅಂಚೆಯಲ್ಲಿ ಪುಟ್ಟ ಮಾಪಕಗಳನ್ನು ಕಳುಹಿಸಿ, ವಿಕಿರಣಕ್ಕೆ ಒಡ್ಡಿಸಿ ತರಿಸಿಕೊಂಡು ತಾಳೆ ನೋಡುವ ಪದ್ಧತಿಯಿದೆ. ಹೊರಗಿನ ಮೌಲ್ಯಮಾಪಕರಿಲ್ಲದೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಿಲ್ಲ, ಇಲ್ಲಿಯೂ ಅದು ಉಳಿಯಬೇಕು.

ಎರಡನೆಯದಾಗಿ, “ಇಂದು ಯಂತ್ರ ನಿಲ್ಲಿಸಿ” ಎನ್ನುವ ಅಧಿಕಾರ ಭೌತವಿಜ್ಞಾನಿಯ ಕೈಯಲ್ಲಿಯೇ ಇರಬೇಕು. ವರದಿಯಲ್ಲಿ ಹಸಿರು ಗುರುತು ಬಂದಿದ್ದರೂ ಅನುಮಾನಪಡುವ ಸ್ವಾತಂತ್ರ್ಯ ಅವರಿಗಿರಬೇಕು. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣ ಚಿಕಿತ್ಸೆ ನೀಡುವ ಆಸ್ಪತ್ರೆಗಳಲ್ಲಿ ಅರ್ಹ ವೈದ್ಯಕೀಯ ಭೌತವಿಜ್ಞಾನಿಗಳು ಇರಬೇಕೆಂದು ವಿಧಿಸಿರುವುದು ಸುಮ್ಮನೆ ಅಲ್ಲ. ಉಳಿದ ಸಮಯವನ್ನು ನೆಪಮಾಡಿ ಆ ಹುದ್ದೆಗಳನ್ನೇ ಕಡಿತಗೊಳಿಸಿದರೆ ಅದು ಉಳಿತಾಯವಲ್ಲ. ಆ ಸಮಯ ಪ್ರತಿ ರೋಗಿಯ ಚಿಕಿತ್ಸಾ ಯೋಜನೆಯನ್ನು ಇನ್ನೊಮ್ಮೆ ನೋಡಲು ಸಲ್ಲಬೇಕು.

ಮೂರನೆಯದು ಚಿಕ್ಕ ಮಾತು. ಕಾಯುವ ಕೋಣೆಯಲ್ಲಿ ಒಂದು ಕಪ್ಪುಹಲಗೆ ಇರಲಿ. “ಇಂದಿನ ಯಂತ್ರ ಪರೀಕ್ಷೆ ಮುಗಿದಿದೆ” ಅಥವಾ “ಪರೀಕ್ಷೆ ನಡೆಯುತ್ತಿದೆ, ತಡವಾಗಬಹುದು, ನೀರು ಈಗಲೇ ಕುಡಿಯಬೇಡಿ” ಎಂದು ಕನ್ನಡದಲ್ಲಿ ಬರೆದಿರಲಿ. ಅಂದು ಅಷ್ಟು ತಿಳಿದಿದ್ದರೆ ಅಕ್ಕ ಹಾಗೆ ನರಳುತ್ತಿರಲಿಲ್ಲ, ನಾನೂ ಬಾಯಿ ಸಡಿಲ ಬಿಡುತ್ತಿರಲಿಲ್ಲ.

ಶಿಷ್ಯನಿಗೆ ಇದನ್ನೆಲ್ಲ ದೂರವಾಣಿಯಲ್ಲಿ ಹೇಳಿದೆ. ವಾಯುಭಾರದ ಸಂಖ್ಯೆ ಎಲ್ಲಿಂದ ಬರುತ್ತದೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿ ಹೇಳ್ತೀನಿ ಸಾರ್” ಎಂದ. ಅವನ ಉತ್ತರಕ್ಕಾಗಿ ಕಾಯುತ್ತಿದ್ದೇನೆ. ದೇವರ ದಯೆಯಿಂದ ಅಕ್ಕ ಆರೋಗ್ಯವಾಗಿದ್ದಾಳೆ. ಮೊನ್ನೆ ಊರಿನಿಂದ ಅವರೆಕಾಯಿ ಕಳುಹಿಸಿದ್ದಳು. ಮೂರು ಕೆ.ಜಿ. ಎಂದಿದ್ದಳು, ನಾನು ತೂಗಿ ನೋಡಲಿಲ್ಲ.